ತೆಂಗಿನ ಗೆರಟೆಯ ಬಯೋಚಾರ್ ಮನೆಯ ಕಾಂಕ್ರೀಟಿಗೆ ಹಾಕಬಹುದಾ?

ಮಲ್ಪೆ ಕಡೆ ಮನೆ ಕಟ್ಟಿಸುತ್ತಿದ್ದೀರಿ, ಗೆರಟೆ ರಾಶಿ ಬಿದ್ದಿದೆ, ಅದನ್ನು ಗಾಳಿ ತಾಗದ ಹಾಗೆ ಬೇಯಿಸಿ ಇದ್ದಿಲು, ಅಂದರೆ ಬಯೋಚಾರ್ ಮಾಡಿ ಸ್ಲ್ಯಾಬಿಗೆ ಹಾಕಿದರೆ ಸಿಮೆಂಟೂ ಉಳಿಯುತ್ತದೆ, ಪರಿಸರಕ್ಕೂ ಒಳ್ಳೆಯದು ಅಲ್ವಾ ಅಂತ ಕೇಳಿದ್ದೀರಿ. ನಾನು ಉಡುಪಿ ಹತ್ತಿರ ಸಾಲಿಡ್ ಬ್ಲಾಕ್, ಇಂಟರ್‌ಲಾಕ್ ಮಾಡುವ ಯಾರ್ಡ್ ನೋಡಿಕೊಳ್ಳುತ್ತೇನೆ. ಇದ್ದಿಲ ಪುಡಿ ಹಾಕಿ ಬ್ಲಾಕ್ ಮಾಡಿಯೂ ನೋಡಿದ್ದೇನೆ. ಸ್ಲ್ಯಾಬಿಗೆ ಬೇಡ. ಅಂಗಳದ ಇಂಟರ್‌ಲಾಕಿಗೆ, ಕಂಪೌಂಡಿನ ಬ್ಲಾಕಿಗೆ ಹಾಕಿ. ಅದೂ ಸಿಮೆಂಟಿನ ತೂಕದ 1-2% ಮಾತ್ರ. 50 ಕೆ.ಜಿ. ಚೀಲಕ್ಕೆ ಹೆಚ್ಚೆಂದರೆ ಒಂದು ಕೆ.ಜಿ.

ಮೊದಲು ಲೆಕ್ಕ ನೋಡಿ, ಆಮೇಲೆ ಆಸೆ ಪಡೋಣ. 1:1.5:3 (ಸಿಮೆಂಟ್, ಮರಳು, ಜಲ್ಲಿ) ಮಿಶ್ರಣದಲ್ಲಿ ಒಂದು ಘನ ಮೀಟರ್ ಕಾಂಕ್ರೀಟಿಗೆ ಸುಮಾರು 8 ಚೀಲ ಸಿಮೆಂಟ್ ಬೇಕು, ಅಂದರೆ 400 ಕೆ.ಜಿ. ಅದು ಬರೀ ಓಪಿಸಿ (ಬೂದಿ, ಕಿಟ್ಟ ಬೆರೆಸದ ಸಾಮಾನ್ಯ ಸಿಮೆಂಟ್) ಆಗಿದ್ದರೆ ಅದನ್ನು ತಯಾರಿಸುವಾಗಲೇ 300 ಕೆ.ಜಿ.ಗಿಂತ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಹೋಗಿರುತ್ತದೆ. ಅರ್ಧಕ್ಕಿಂತ ಹೆಚ್ಚು ಬರುವುದು ಸುಣ್ಣದ ಕಲ್ಲಿನಿಂದಲೇ, ಉರಿಸುವ ಕಲ್ಲಿದ್ದಲಿನಿಂದಲ್ಲ. ಈಗ 2% ಅಂದರೆ 8 ಕೆ.ಜಿ. ಬಯೋಚಾರ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಅದರಲ್ಲಿ 80% ಕಾರ್ಬನ್ ಇದ್ದರೆ, ಮರ ಗಾಳಿಯಿಂದ ಹೀರಿದ 23 ಕೆ.ಜಿ.ಯಷ್ಟು ಕಾರ್ಬನ್ ಡೈಆಕ್ಸೈಡನ್ನು ಕಾಂಕ್ರೀಟಿನೊಳಗೆ ಕೂಡಿ ಹಾಕಿದ ಹಾಗಾಯಿತು. ಅಷ್ಟೇ ತೂಕದ ಸಿಮೆಂಟ್ ಕಡಿಮೆ ಮಾಡಿದರೆ ಇನ್ನೊಂದು ಆರೇಳು ಕೆ.ಜಿ. ಸುಳ್ಳಲ್ಲ, ಆದರೆ ದೊಡ್ಡದೂ ಅಲ್ಲ. ಓಪಿಸಿ ಬದಲು 30% ಫ್ಲೈ ಆ್ಯಶ್ (ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ) ಬೆರೆಸಿದ ಪಿಪಿಸಿ ಸಿಮೆಂಟ್ ತಂದರೆ ಏನೂ ಸುಡದೆ, ಏನೂ ಅರೆಯದೆ ಸುಮಾರು 100 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಉಳಿಯುತ್ತದೆ.

ಇನ್ನು ಸುಡುವ ವಿಷಯ. ಬಚ್ಚಲ ಒಲೆಯ ಬೂದಿ ಬಯೋಚಾರ್ ಅಲ್ಲ, ಅದರ ಕಾರ್ಬನ್ ಆಗಲೇ ಉರಿದು ಹೋಗಿದೆ. ಗಾಳಿ ತಾಗದ ಹಾಗೆ ಡ್ರಮ್ಮಿನಲ್ಲಿ ಮುಚ್ಚಿ 400-600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದರೆ ಗೆರಟೆಯ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗ ಇದ್ದಿಲು ಸಿಗುತ್ತದೆ. ಡ್ರಮ್ಮಿನಿಂದ ಹೊರಬರುವ ಹೊಗೆ ಹೊತ್ತಿಕೊಂಡು ಉರಿಯಬೇಕು. ಸುಮ್ನೆ ಗುಂಡಿ ತೋಡಿ ಹೊಗೆ ಬಿಟ್ಟರೆ ಮೀಥೇನ್ ಹೋಗುತ್ತದೆ, ಗಳಿಸಿದ್ದರಲ್ಲಿ ದೊಡ್ಡ ಪಾಲು ಅಲ್ಲೇ ಕಳೆಯಬಹುದು. ಗೇರುಬೀಜದ ಸಿಪ್ಪೆ ಪುಕ್ಕಟೆ ಸಿಕ್ಕಿತು ಅಂತ ಮನೆಯಲ್ಲಿ ಸುಡಲು ಹೋಗಬೇಡಿ. ಅದರ ಎಣ್ಣೆ ಮೈಗೆ ತಾಗಿದರೆ ಬೊಬ್ಬೆ ಬರುತ್ತದೆ, ಹೊಗೆಯೂ ಕೆಟ್ಟದ್ದು. ಹಾಗೆಯೇ ಗೆರಟೆಯನ್ನೆಲ್ಲ ಇದಕ್ಕೇ ಹಾಕಿ, ಸ್ನಾನದ ನೀರು ಕಾಯಿಸಲು ಗ್ಯಾಸ್ ಉರಿಸಿದರೆ ಏನು ಉಳಿಸಿದ ಹಾಗಾಯಿತು, ನೀವೇ ಹೇಳಿ.

ಇದ್ದಿಲನ್ನು ಸಿಮೆಂಟಿನಷ್ಟಲ್ಲದಿದ್ದರೂ ನುಣ್ಣಗೆ ಅರೆಯಬೇಕು. ಅರೆದ ಪುಡಿಯನ್ನು ಬಕೆಟ್ಟಿನ ನೀರಿಗೆ ಹಾಕಿ ನೋಡಿ, ಕಪ್ಪಗೆ ಮೇಲೇ ತೇಲುತ್ತದೆ. ರಾತ್ರಿ ನೆನೆಸಿಟ್ಟರೆ ಬೆಳಗ್ಗೆ ಬಹುಪಾಲು ತಳಕ್ಕೆ ಕೂತಿರುತ್ತದೆ. ಹಾಗೆ ನೀರು ಕುಡಿದದ್ದನ್ನೇ ಕಾಂಕ್ರೀಟ್ ಮಿಶ್ರಣಕ್ಕೆ ಹಾಕಬೇಕು. ಒಣ ಪುಡಿ ಹಾಕಿದರೆ ಅದು ಸಿಮೆಂಟಿಗೆ ಬೇಕಾದ ನೀರನ್ನೇ ಎಳೆದುಕೊಳ್ಳುತ್ತದೆ. ಮಾಲು ಬಿಗಿಯಾಗುತ್ತದೆ, ಕರಣೆಗೆ ಬಾಗುವುದಿಲ್ಲ. ಆಗ ಕೆಲಸದವರು ಮಾಡುವುದು ಒಂದೇ, ಇನ್ನೊಂದು ಕೊಡ ನೀರು ಸುರಿಯುವುದು. ಅಲ್ಲಿಗೆ ಬಲ ಹೋಯಿತು. ನೆನೆಸಿ ಹಾಕಿದರೆ ಉಲ್ಟಾ ಲಾಭ: ಬ್ಲಾಕ್ ಒಣಗುತ್ತಾ ಬಂದಾಗ ಆ ಸಣ್ಣ ತೂತುಗಳಲ್ಲಿದ್ದ ನೀರು ನಿಧಾನವಾಗಿ ಹೊರಬಂದು ಒಳಗಿನಿಂದಲೇ ಕ್ಯೂರಿಂಗ್ ಆಗುತ್ತದೆ. 1-2%ರಲ್ಲಿ ಬಲ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ, ಕೆಲವೊಮ್ಮೆ ಸ್ವಲ್ಪ ಹೆಚ್ಚೂ ಆಗುತ್ತದೆ. 5% ದಾಟಿದರೆ ಇಳಿಯುವುದೇ ಹೆಚ್ಚು. ಬಣ್ಣ ಒಂಚೂರು ಕಪ್ಪಾಗುತ್ತದೆ. ಇಂಟರ್‌ಲಾಕಿಗೆ ಅದು ಚೆಂದವೇ. ಸಾರಣೆಗೆ ಹಾಕಿ ಮೇಲೆ ಬಿಳಿ ಪೇಂಟ್ ಬಳಿಯುವ ಯೋಚನೆ ಇದ್ದರೆ ಮೊದಲು ಒಂದು ಮೂಲೆಯಲ್ಲಿ ಮಾಡಿ ನೋಡಿ.

ಸ್ಲ್ಯಾಬ್ ಯಾಕೆ ಬೇಡ ಅಂದರೆ, ಸಮುದ್ರದ ಹತ್ತಿರ ಮನೆ ಹಾಳಾಗುವುದು ಕಂಬಿ ತುಕ್ಕು ಹಿಡಿದು. ಹಳೆ ಮನೆಗಳ ಸಜ್ಜಾದ ಅಡಿಯಲ್ಲಿ ಕಾಂಕ್ರೀಟ್ ಹೊಪ್ಪಳೆ ಎದ್ದು ಕೆಂಪು ಕಂಬಿ ಕಾಣುವುದನ್ನು ನೀವೂ ನೋಡಿರುತ್ತೀರಿ. ಉಪ್ಪು ಒಳಗಿಳಿಯದ ಗಟ್ಟಿ ಕಾಂಕ್ರೀಟ್ ಬೇಕಾದ ಜಾಗದಲ್ಲಿ, ಮನೆಯಲ್ಲಿ ಸುಟ್ಟ, ಒಂದೊಂದು ಸಲ ಒಂದೊಂದು ಥರ ಬರುವ ಪುಡಿ ಹಾಕುವುದು ಸರಿಯಲ್ಲ. ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡವಾದ ಐಎಸ್ 456ರಲ್ಲಿ ಫ್ಲೈ ಆ್ಯಶ್, ಸ್ಲ್ಯಾಗ್ (ಕಬ್ಬಿಣದ ಕಾರ್ಖಾನೆಯ ಕಿಟ್ಟ), ಭತ್ತದ ಹೊಟ್ಟಿನ ಬೂದಿಗೆ ಕೂಡ ಜಾಗ ಇದೆ. ಬಯೋಚಾರಿಗೆ ಇಲ್ಲ. ಹೊಟ್ಟಿನ ಬೂದಿಯ ಸಿಲಿಕಾ ಸಿಮೆಂಟಿನ ಸುಣ್ಣದ ಜೊತೆ ಸೇರಿ ಗಟ್ಟಿಯಾಗುತ್ತದೆ. ಗೆರಟೆ ಇದ್ದಿಲು ಹೆಚ್ಚಾಗಿ ಸುಮ್ನೆ ಕೂತಿರುತ್ತದೆ. ನಿಮ್ಮ ಎಂಜಿನಿಯರ್ ಸಹಿ ಹಾಕುವುದಿಲ್ಲ ಅಂದರೆ ಅವರ ಮೇಲೆ ಸಿಟ್ಟಾಗಬೇಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಪಿಲ್ಲರ್, ಬೀಮ್, ಸ್ಲ್ಯಾಬಿಗೆ ಸ್ಲ್ಯಾಗ್ ಸಿಮೆಂಟ್ ಕೇಳುತ್ತಿದ್ದೆ. ಉಪ್ಪನ್ನು ಅದು ಓಪಿಸಿಗಿಂತ ಚೆನ್ನಾಗಿ ತಡೆಯುತ್ತದೆ, ಕಾರ್ಬನ್ ಲೆಕ್ಕದಲ್ಲೂ ಮುಂದು. ಮೊದಲ ದಿನಗಳಲ್ಲಿ ಗಟ್ಟಿಯಾಗುವುದು ನಿಧಾನ, ಹಾಗಾಗಿ ನೀರು ಹಾಕುವುದನ್ನು ಬೇಗ ನಿಲ್ಲಿಸಬೇಡಿ, ಸೆಂಟ್ರಿಂಗ್ ಬಿಚ್ಚುವುದರಲ್ಲೂ ಅವಸರ ಬೇಡ. ಗೋಡೆಗೆ ಕೆಂಪು ಕಲ್ಲು ಇಟ್ಟರೆ ಸಿಮೆಂಟ್ ಇನ್ನೂ ಕಡಿಮೆ. ಬಯೋಚಾರನ್ನು ಅಂಗಳಕ್ಕೆ ಇಟ್ಟುಕೊಳ್ಳಿ. ಇಂಟರ್‌ಲಾಕ್ ಹಾಕಿಸುವ ಮೊದಲು ಪುಡಿ ಹಾಕಿದ್ದು, ಹಾಕದ್ದು ಎರಡನ್ನೂ 28 ದಿನ ಆದ ಮೇಲೆ ಲ್ಯಾಬಿನಲ್ಲಿ ಒಡೆಸಿ ನೋಡಿ. ಉಳಿದ ಇದ್ದಿಲನ್ನು ಹಟ್ಟಿ ಗೊಬ್ಬರದ ಜೊತೆ ಬೆರೆಸಿ ತೆಂಗಿನ ಬುಡಕ್ಕೆ ಹಾಕಿ. ಕಾರ್ಬನ್ ಅಲ್ಲೂ ಮಣ್ಣಿನೊಳಗೇ ಇರುತ್ತದೆ, ಯಾರ ಸಹಿಯೂ ಬೇಡ.