ಪೋರ್ಚುಗಲ್ಲಿನ ವಿನ್ಯೊ ವೆರ್ದೆ ಬಿಳಿ ವೈನ್ ಯಾವ ಆಹಾರಕ್ಕೆ ಹೊಂದುತ್ತದೆ?

ಸಮುದ್ರದ ಮೀನು ಮತ್ತು ಚಿಪ್ಪುಜೀವಿಗಳ ಅಡುಗೆಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಪೋರ್ಚುಗಲ್ಲಿನ ವಾಯವ್ಯ ಮೂಲೆಯಲ್ಲಿರುವ, 1908ರಲ್ಲಿ ಗಡಿ ಗುರುತಿಸಲಾದ ಈ ವೈನ್ ಪ್ರದೇಶದಲ್ಲಿ ಅಟ್ಲಾಂಟಿಕ್ ಸಾಗರದ ಮಳೆ ಹಾಗೂ ತಂಪು ಹವೆಯಿಂದಾಗಿ ದ್ರಾಕ್ಷಿಯ ಹುಳಿ ಕುಂದುವುದಿಲ್ಲ, ಸಕ್ಕರೆಯೂ ಅತಿಯಾಗುವುದಿಲ್ಲ. ಹಾಗಾಗಿ ಲೌರೈರೊ, ಅರಿಂಟೊ ಮೊದಲಾದ ತಳಿಗಳನ್ನು ಬೆರೆಸಿ ಮಾಡಿದ ಸಾಮಾನ್ಯ ಬಾಟಲಿಯಲ್ಲಿ ಮದ್ಯಸಾರ ಶೇ 9ರಿಂದ 11ರ ಆಸುಪಾಸಿನಲ್ಲಿರುತ್ತದೆ. ನಾಲಗೆಯ ಮೇಲೆ ಚುರುಗುಟ್ಟುವ ಸಣ್ಣ ಗುಳ್ಳೆಗಳು ಹಿಂದೆ ಬಾಟಲಿಯೊಳಗಿನ ಹುದುಗುವಿಕೆಯಿಂದ ತಾವಾಗಿಯೇ ಹುಟ್ಟುತ್ತಿದ್ದವು. ಈಗಿನ ಅಗ್ಗದ ಬಾಟಲಿಗಳಲ್ಲಿ ಅವು ಬಹುಮಟ್ಟಿಗೆ ತುಂಬುವಾಗ ಸೇರಿಸಿದ ಇಂಗಾಲದ ಡೈಆಕ್ಸೈಡ್.

ಕೆಂಡದ ಮೇಲೆ ಕಲ್ಲುಪ್ಪು ಹಾಕಿ ಸುಟ್ಟ ಸಾರ್ಡೀನ್, ಅಂದರೆ ನಮ್ಮ ಕರಾವಳಿಯ ಬೂತಾಯಿಯ ಬಳಗದ ಮೀನು, ಎಣ್ಣೆಯಂಶ ತುಂಬಿದ್ದು. ಈ ವೈನಿನ ಹುಳಿ ಅದರ ಜಿಡ್ಡನ್ನು ಬಾಯಿಯಿಂದ ತೊಳೆದುಬಿಡುತ್ತದೆ. ಆಲಿವ್ ಎಣ್ಣೆ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪಿನೊಂದಿಗೆ ಬೇಯಿಸಿ ನಿಂಬೆ ಹಿಂಡಿದ ಮರುವಾಯಿಯ (ಒಂದು ಬಗೆಯ ಚಿಪ್ಪುಜೀವಿ) ಲಿಸ್ಬನ್ ಶೈಲಿಯ ಖಾದ್ಯಕ್ಕಂತೂ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದು ಕಷ್ಟ. ಸಲಾಡ್, ಎಳೆಯ ಮೇಕೆ ಚೀಸ್ ಕೂಡ ಆಗುತ್ತದೆ.

ಆದರೆ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನನ್ನು ಕೆನೆ ಬೆರೆಸಿ ಬೇಯಿಸಿದಂಥ ಭಾರವಾದ ತಿನಿಸಿನ ಎದುರು ಹಗುರವಾದ ಬಾಟಲಿ ಸಪ್ಪೆಯೆನಿಸುತ್ತದೆ. ಅಂಥ ಊಟಕ್ಕೆ ಸ್ಪೇನ್ ಗಡಿಯ ಮೊನ್ಸಾವ್ ಮತ್ತು ಮೆಲ್ಗಾಸೊ ಉಪಪ್ರದೇಶದ, ಅಲ್ವರಿನ್ಯೊ ತಳಿಯೊಂದರಿಂದಲೇ ಮಾಡಿದ, ಮೈದುಂಬಿದ ವೈನನ್ನು ಆರಿಸಬೇಕು. ಬೆಲೆ ಹೆಚ್ಚಾದರೂ ಅದು ಕೆಲವು ವರ್ಷ ಇಟ್ಟರೂ ಕೆಡುವುದಿಲ್ಲ. ಹಗುರವಾದದ್ದನ್ನು ಒಂದೆರಡು ವರ್ಷದೊಳಗೇ, 8ರಿಂದ 10 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ ಕುಡಿಯುವುದು ಲೇಸು.