ನೆಲದಡಿಯ ಬಿಸಿಗೆ ಯಾವ ಕಾನೂನು?

ಪ್ರಶ್ನೆ: ಭೂಶಾಖದಿಂದ ವಿದ್ಯುತ್ ತೆಗೆಯುವುದು ಗಣಿಗಾರಿಕೆಯಲ್ಲವೆಂದು ಇಂಡೋನೇಷ್ಯಾ ಕಾನೂನು ಮಾಡಿದೆಯಂತೆ. ಇದು ಕಾಡನ್ನು ಕಡಿಯಲು ಹುಡುಕಿದ ದಾರಿಯಲ್ಲವೇ? ನಮ್ಮ ಬೆಂದ್ರುತೀರ್ಥದ ಬಿಸಿನೀರಿಗೂ ನಾಳೆ ಇಂಥದೇ ಗತಿ ಬರಬಹುದೇ?
— ಓದುಗರೊಬ್ಬರು, ಪುತ್ತೂರು

ಉತ್ತರ: ನಿಮ್ಮ ಅನುಮಾನದಲ್ಲಿ ಅರ್ಧ ಸತ್ಯವಿದೆ. ಇಂಡೋನೇಷ್ಯಾದ 2003ರ ಕಾನೂನು ಭೂಶಾಖವನ್ನು ಗಣಿಗಾರಿಕೆಯ ಸಾಲಿಗೆ ಸೇರಿಸಿತ್ತು. ಅಲ್ಲಿನ ಹಬೆಯ ನೆಲೆಗಳಲ್ಲಿ ಬಹುಪಾಲು ಜ್ವಾಲಾಮುಖಿಗಳ ಇಳಿಜಾರಿನ ಕಾಡುಗಳಲ್ಲಿರುವುದರಿಂದ, ಗಣಿಗಾರಿಕೆಗೆ ಅರಣ್ಯ ಕಾನೂನು ಹಾಕಿದ್ದ ತಡೆಗಳು, ನೆಲದಡಿಯ ಹಬೆಯನ್ನು ಮೇಲೆ ತರಲು ಕೊರೆಯುವ ಬಾವಿಗಳಿಗೂ ಅಡ್ಡ ಬಂದವು. 2014ರ ಹೊಸ ಕಾನೂನು ಆ ನಂಟನ್ನು ಕಡಿದು, ಅರಣ್ಯ ಸಚಿವಾಲಯದ ಅನುಮತಿ ಪಡೆದು ರಕ್ಷಿತ ಕಾಡುಗಳಲ್ಲಿಯೂ ಕೊರೆಯಲು ಅವಕಾಶ ನೀಡಿತು. ವಿದ್ಯುತ್ ಯೋಜನೆಗಳಿಗೆ ಪರವಾನಗಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರದ ಕೈಗಿತ್ತು, ಸ್ಥಳೀಯ ಆಡಳಿತಗಳಿಗೆ ಆದಾಯದ ಒಂದು ಸಣ್ಣ ಪಾಲನ್ನು ಗೊತ್ತುಮಾಡಿತು.

ಗಣಿಯಂತೆ ಗುಡ್ಡವನ್ನೇ ಅಗೆದು ಸಾಗಿಸುವ ಕೆಲಸ ಇದಲ್ಲವಾದ್ದರಿಂದ ಈ ಬೇರ್ಪಡಿಕೆಯನ್ನು ನಾನು ತಪ್ಪೆನ್ನಲಾರೆ. ಆದರೆ ಗಣಿಯಲ್ಲ ಎಂದಮಾತ್ರಕ್ಕೆ ಅಪಾಯವಿಲ್ಲ ಎಂದಾಗುವುದಿಲ್ಲ. 2021ರ ಜನವರಿಯಲ್ಲಿ ಉತ್ತರ ಸುಮಾತ್ರಾದ ಸೊರಿಕ್ ಮರಾಪಿಯಲ್ಲಿ ಬಾವಿಯೊಂದನ್ನು ತೆರೆದಾಗ ಹೊಮ್ಮಿದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲಕ್ಕೆ ಐವರು ಹಳ್ಳಿಗರು ಬಲಿಯಾದರು. ಈ ಅನಿಲ ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಿದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ಗಾಳಿಗಿಂತ ಭಾರವಾದ ಅದು ತಗ್ಗಿನ ಗದ್ದೆಗಳಲ್ಲಿ ನಿಂತುಬಿಡುತ್ತದೆ. ಆದ್ದರಿಂದ ಬಾವಿಗೂ ಮನೆಗಳಿಗೂ ನಡುವಿನ ಅಂತರ, ತೆರೆಯುವ ಮುನ್ನ ಊರು ತೆರವು, ಅನಿಲಮಾಪಕ ಇವೆಲ್ಲ ಕಂಪನಿಯ ಮರ್ಜಿಗೆ ಬಿಡುವ ಸಂಗತಿಗಳಲ್ಲ, ಪರವಾನಗಿಯಲ್ಲೇ ಷರತ್ತಾಗಿರಬೇಕು.

ಇನ್ನು ಬೆಂದ್ರುತೀರ್ಥ. ಅದರ ನೀರು ಸ್ನಾನಕ್ಕೆ ಹಿತವೆನಿಸುವಷ್ಟು ಬೆಚ್ಚಗಿರುವುದೇ ಹೊರತು ಟರ್ಬೈನ್ ತಿರುಗಿಸುವಷ್ಟು ಬಿಸಿಯಲ್ಲ; ಆ ಬಗ್ಗೆ ನೀವು ನಿಶ್ಚಿಂತರಾಗಿರಿ. ನಮ್ಮ ದೇಶದಲ್ಲಿ ಎಲ್ಲರ ಕಣ್ಣಿರುವುದು ಲಡಾಖ್‌ನ ಪುಗಾ ಕಣಿವೆಯ ಮೇಲೆ. 2021ರಲ್ಲಿ ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ಅಲ್ಲಿ ಭೂಶಾಖ ವಿದ್ಯುತ್ ಯೋಜನೆಗಾಗಿ ಲಡಾಖ್ ಆಡಳಿತ ಮತ್ತು ಲೇಹ್ ಗುಡ್ಡಗಾಡು ಮಂಡಳಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಕೊರೆಯುವಾಗ ಒತ್ತಡದಿಂದ ಚಿಮ್ಮಿದ ಬಿಸಿದ್ರವ ಪಕ್ಕದ ಹಳ್ಳಕ್ಕೆ ಹರಿದು ಕೆಲಸ ನಿಲ್ಲಬೇಕಾಯಿತು. ಚಾಂಗ್ಪಾ ಕುರಿಗಾಹಿಗಳು ತಮ್ಮ ಹಿಂಡುಗಳನ್ನು ಮೇಯಿಸುವ ಸೀಮೆಯದು.

2025ರ ಸೆಪ್ಟೆಂಬರಿನಲ್ಲಿ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ರಾಷ್ಟ್ರೀಯ ಭೂಶಾಖ ನೀತಿಯನ್ನು ಹೊರಡಿಸಿರುವುದು ಸ್ವಾಗತಾರ್ಹವೇ. ಆದರೆ ನೀತಿ ದಾರಿ ತೋರಿಸುತ್ತದೆ, ಕಾನೂನಿನಂತೆ ಕಟ್ಟಿಹಾಕುವುದಿಲ್ಲ. ಬಳಸಿದ ನೀರನ್ನು ಹಳ್ಳಕ್ಕೆ ಬಿಡದೆ ಮರಳಿ ನೆಲದಡಿಗೆ ಇಳಿಸುವುದನ್ನು ಕಡ್ಡಾಯಗೊಳಿಸಿ, ಬಾವಿ ಕೆಟ್ಟರೆ ಅದನ್ನು ಮುಚ್ಚುವ ವೆಚ್ಚವನ್ನು ಕೊರೆಯುವವರಿಂದ ಮೊದಲೇ ಠೇವಣಿಯಾಗಿ ಪಡೆಯುವ ನಿಯಮವನ್ನು, ಪುಗಾದಲ್ಲಿ ದೊಡ್ಡ ಪ್ರಮಾಣದ ಉತ್ಪಾದನೆ ಆರಂಭವಾಗುವ ಮುನ್ನವೇ ಸಂಸತ್ತು ರೂಪಿಸಬೇಕೆಂದು ನಾನು ಒತ್ತಾಯಿಸುತ್ತೇನೆ.