ಪಾಲು ಜಾಸ್ತಿ ಇದ್ದರೆ ಸಾಫ್ಟ್‌ವೇರ್ ಒಳ್ಳೆಯದಾ?

ಈ ಸಲ ಬಂದ ಪತ್ರಗಳಲ್ಲಿ ಮೂರು ಆನ್‌ಲೈನ್ ಫೋರಂಗಳ ಬಗ್ಗೆಯೇ ಇವೆ. ಫೋರಂ ನಡೆಸುವುದು, ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಗಿಸುವುದು ನನ್ನ ಬಹುಕಾಲದ ಕೆಲಸ. ಹಾಗಾಗಿ ಮೊದಲನೆಯ ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ಹಳೇ ರೇಡಿಯೋ ರಿಪೇರಿ ಮಾಡುವವರ ಫೋರಂ ಒಂದನ್ನು ನೋಡಿಕೊಳ್ಳುತ್ತಿದ್ದೇನೆ. ಪಿಎಚ್‌ಪಿಬಿಬಿ ಅನ್ನುವ ಫೋರಂ ಸಾಫ್ಟ್‌ವೇರ್‌ನ 3.0 ಆವೃತ್ತಿಯ ಮೇಲೆ ನಡೆಯುತ್ತಿದೆ. ಅದು ತುಂಬಾ ಹಳೆಯದಾಯಿತು, ಬದಲಾಯಿಸಲೇಬೇಕು. ಯಾವುದಕ್ಕೆ ಹೋಗೋಣ ಅಂತ ಮಾರುಕಟ್ಟೆ ಪಾಲಿನ ಅಂಕಿಅಂಶ ಹುಡುಕಿದೆ. ಎರಡು ಕಡೆ ಎರಡು ಬೇರೆ ಹೆಸರು ಮೊದಲ ಸ್ಥಾನದಲ್ಲಿವೆ. ಯಾವುದು ನಿಜ? ಯಾವುದನ್ನು ಹಾಕಲಿ?

ಉತ್ತರ: ಎರಡೂ ನಿಜ ಇರಬಹುದು. ಇಬ್ಬರೂ ಎಣಿಸಿದ್ದು ಬೇರೆ ಬೇರೆ.

ಈ ಎಣಿಕೆ ಹೇಗೆ ನಡೆಯುತ್ತದೆ ನೋಡಿ. ಒಂದು ಪ್ರೋಗ್ರಾಂ ಸೈಟ್‌ನಿಂದ ಸೈಟ್‌ಗೆ ಹೋಗಿ ಪುಟದ ಸೋರ್ಸ್, ಅಂದರೆ ಹಿಂದಿರುವ ಕೋಡ್, ಓದುತ್ತದೆ. ಅಡಿಯಲ್ಲಿ 'ಪವರ್ಡ್ ಬೈ ಪಿಎಚ್‌ಪಿಬಿಬಿ' ಅಂತ ಕಂಡರೆ ಆ ಹೆಸರಿಗೆ ಒಂದು ಎಣಿಕೆ. ಡಿಸ್ಕೋರ್ಸ್ ಅನ್ನುವ ಇನ್ನೊಂದು ಫೋರಂ ಸಾಫ್ಟ್‌ವೇರ್ ತನ್ನ ಹೆಸರನ್ನೂ ಆವೃತ್ತಿಯನ್ನೂ ಪುಟದ ತಲೆಭಾಗದ ಜನರೇಟರ್ ಟ್ಯಾಗ್‌ನಲ್ಲಿ ಬರೆದಿಡುತ್ತದೆ. ಝೆನ್‌ಫೋರೋ ಅನ್ನುವ ಮತ್ತೊಂದು ಬ್ರೌಸರ್‌ನಲ್ಲಿ ಇಡುವ ಕುಕಿಗಳ (ಚಿಕ್ಕ ಗುರುತು ಫೈಲ್‌ಗಳ) ಹೆಸರು 'ಎಕ್ಸ್‌ಎಫ್' ಅಂತ ಶುರುವಾಗುತ್ತದೆ. ಇಂಥ ಗುರುತು ಸಿಕ್ಕವಷ್ಟೇ ಲೆಕ್ಕಕ್ಕೆ ಬರುತ್ತವೆ. ಅಡಿಬರಹ ತೆಗೆಯಲು ಹಣ ಕೊಟ್ಟವರೂ ಇದ್ದಾರೆ. ಲಾಗಿನ್ ಆಗದೆ ಒಂದು ಪುಟವೂ ಕಾಣದ ಫೋರಂಗಳೂ ಇವೆ. ಇವೆಲ್ಲ ಎಣಿಕೆಯಿಂದ ತಪ್ಪಿಸಿಕೊಳ್ಳಬಹುದು.

ಮುಂದಿನದು, ಒಂದು ಸೈಟ್ ಅಂದರೆ ಏನು ಅನ್ನೋದು. ಇಂಥ ಎಣಿಕೆ ಮಾಡುವ ಡಬ್ಲ್ಯೂತ್ರೀಟೆಕ್ಸ್, ಸಬ್‌ಡೊಮೈನನ್ನು (forum.example.com ಥರ ಮುಖ್ಯ ವಿಳಾಸದ ಮುಂದೆ ಇನ್ನೊಂದು ಹೆಸರು ಸೇರಿದ್ದನ್ನು) ಬೇರೆ ಸೈಟ್ ಅಂತ ಲೆಕ್ಕ ಹಿಡಿಯುವುದಿಲ್ಲ, ಮುಖ್ಯ ಡೊಮೈನ್‌ಗೇ ಸೇರಿಸುತ್ತದೆ. ಇನ್ನೊಂದು ಎಣಿಕೆ ಯೋಜನೆಯಾದ ಎಚ್‌ಟಿಟಿಪಿ ಆರ್ಕೈವ್ ಕ್ರೋಮ್ ಬಳಕೆದಾರರ ಮಾಹಿತಿಯಿಂದ ಬಂದ ಪಟ್ಟಿ ಇಟ್ಟುಕೊಂಡು, ಸಬ್‌ಡೊಮೈನನ್ನು ಬೇರೆಯಾಗಿಯೇ ಎಣಿಸುತ್ತದೆ. ಬೇರೆ ಸಾಫ್ಟ್‌ವೇರ್‌ಗಳಿಗೆ ಇದರಿಂದ ದೊಡ್ಡ ವ್ಯತ್ಯಾಸ ಆಗದೇ ಇರಬಹುದು. ಫೋರಂಗೆ ಆಗುತ್ತದೆ. ಯಾಕೆಂದರೆ ಎಷ್ಟೋ ಫೋರಂಗಳು ಇರುವುದೇ ಸಬ್‌ಡೊಮೈನ್‌ನಲ್ಲಿ. ಮುಖ್ಯ ಸೈಟ್ ವರ್ಡ್‌ಪ್ರೆಸ್ ಅನ್ನುವ ಸೈಟ್ ಕಟ್ಟುವ ಸಾಫ್ಟ್‌ವೇರ್‌ನಲ್ಲಿರುತ್ತದೆ, ಫೋರಂ ಪಕ್ಕದಲ್ಲಿ ಇನ್ನೊಂದು ಸಾಫ್ಟ್‌ವೇರ್‌ನಲ್ಲಿರುತ್ತದೆ.

ಇನ್ನು ಶೇಕಡಾ ಅಂದಾಗ, ಯಾವುದರ ಶೇಕಡಾ? ವರ್ಡ್‌ಪ್ರೆಸ್ ಉದಾಹರಣೆ ತಗೊಳ್ಳಿ. ಡಬ್ಲ್ಯೂತ್ರೀಟೆಕ್ಸ್ ಲೆಕ್ಕದಲ್ಲಿ ಅದು ಕೆಲವು ವರ್ಷಗಳಿಂದ ಎಲ್ಲ ಸೈಟ್‌ಗಳಲ್ಲಿ ಸುಮಾರು ಶೇ 43, ಸಾಫ್ಟ್‌ವೇರ್ ಗೊತ್ತಾದ ಸೈಟ್‌ಗಳಲ್ಲಿ ಮಾತ್ರ ಎಣಿಸಿದರೆ ಶೇ 60ರ ಆಸುಪಾಸು ಅಥವಾ ಹೆಚ್ಚು. ಎರಡೂ ಸರಿ. ಯಾರಾದರೂ ಒಂದನ್ನು ಈ ಸಾಲಿನಿಂದ, ಇನ್ನೊಂದನ್ನು ಆ ಸಾಲಿನಿಂದ ಎತ್ತಿ ಹೋಲಿಸಿದರೆ ಕಥೆ ಕೆಡುತ್ತದೆ.

ಫೋರಂಗಳ ಪಾಲು ಇಡೀ ವೆಬ್‌ನಲ್ಲಿ ಶೇ 1ಕ್ಕಿಂತ ಎಷ್ಟೋ ಕೆಳಗೆ. ಇಲ್ಲಿ ಇನ್ನೊಂದು ತೊಂದರೆ ಇದೆ, ಅದನ್ನು ಬಹಳ ಜನ ಗಮನಿಸುವುದೇ ಇಲ್ಲ. ಪಟ್ಟಿಯಲ್ಲಿ 0.1 ಅಂತ ಬರೆದಿದ್ದರೆ, ಒಂದು ದಶಾಂಶ ಸ್ಥಾನಕ್ಕೆ ಇಳಿಸುವ ಮುಂಚೆ ಅದು 0.05ರಿಂದ 0.15ರವರೆಗೆ ಏನಾದರೂ ಆಗಿರಬಹುದು. ಒಂದು ಕೋಟಿ ಸೈಟ್ ಪರೀಕ್ಷಿಸಿದ್ದಾರೆ ಅಂದುಕೊಳ್ಳಿ. ಆಗ ಒಂದು ತುದಿಯಲ್ಲಿ 5,000 ಸೈಟ್, ಇನ್ನೊಂದು ತುದಿಯಲ್ಲಿ 15,000. ಮೂರು ಪಟ್ಟು! ಎರಡು ಸಾಫ್ಟ್‌ವೇರ್‌ಗಳ ಮುಂದೆ ಒಂದೇ 0.1 ಇದ್ದರೂ ಅವು ಸಮ ಅಂತ ಹೇಳಲು ಬರುವುದಿಲ್ಲ. ಒಂದರ ಮುಂದೆ 0.1, ಇನ್ನೊಂದರ ಮುಂದೆ 0.2 ಇದ್ದರೆ ಇದು ಅದರ ಎರಡು ಪಟ್ಟು ಅಂತಲೂ ಹೇಳಲು ಬರುವುದಿಲ್ಲ.

ಇಷ್ಟೆಲ್ಲ ಸರಿಯಾಗಿದ್ದರೂ, ದಿನಕ್ಕೆ ಸಾವಿರ ಪೋಸ್ಟ್ ಬರುವ ಫೋರಂ ಒಂದು ಎಣಿಕೆ, ಯಾರೋ ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ ಬಟನ್ ಒತ್ತಿ ಹಾಕಿ ಮರೆತುಬಿಟ್ಟ ಖಾಲಿ ಫೋರಂ ಕೂಡ ಒಂದು ಎಣಿಕೆ. ಪಿಎಚ್‌ಪಿಬಿಬಿ 2000ದಿಂದ ಇದೆ, ಉಚಿತ, ಹಲವರು ಒಂದೇ ಸರ್ವರ್ ಹಂಚಿಕೊಳ್ಳುವ ಸಾಮಾನ್ಯ ಶೇರ್ಡ್ ಹೋಸ್ಟಿಂಗ್‌ನಲ್ಲೂ ಓಡುತ್ತದೆ. ಹಾಗಾಗಿ ಅದರ ಲೆಕ್ಕದಲ್ಲಿ ಸ್ಪ್ಯಾಮ್ ತುಂಬಿಕೊಂಡ ಹಳೇ ಫೋರಂಗಳೂ ಇದ್ದೇ ಇರುತ್ತವೆ. ಅದು ಪಿಎಚ್‌ಪಿಬಿಬಿಯ ದೋಷ ಅಲ್ಲ, ಎಣಿಕೆಯ ಸ್ವಭಾವ.

ನಿಮಗೆ ಉಪಯೋಗಕ್ಕೆ ಬರುವ ಎಣಿಕೆಯನ್ನು ನೀವೇ ಒಂದು ಸಂಜೆಯಲ್ಲಿ ಮಾಡಬಹುದು. ರೇಡಿಯೋ, ಆಂಪ್ಲಿಫೈಯರ್, ಹಳೇ ಎಲೆಕ್ಟ್ರಾನಿಕ್ಸ್‌ಗೆ ಸಂಬಂಧಪಟ್ಟ ಇಪ್ಪತ್ತು ಮೂವತ್ತು ಫೋರಂ ತೆಗೆದು ನೋಡಿ. ಯಾವ ಸಾಫ್ಟ್‌ವೇರ್, ಕೊನೆಯ ಪೋಸ್ಟ್ ಯಾವತ್ತಿನದು, ಪ್ರಶ್ನೆ ಕೇಳಿದವರಿಗೆ ಎಷ್ಟು ಹೊತ್ತಿಗೆ ಉತ್ತರ ಸಿಕ್ಕಿದೆ, ಹತ್ತು ವರ್ಷದ ಹಿಂದಿನ ಚಿತ್ರಗಳು ಈಗಲೂ ತೆರೆಯುತ್ತವಾ, ಇಷ್ಟು ಬರೆದುಕೊಳ್ಳಿ. ಯಾವ ಜಾಗತಿಕ ಪಟ್ಟಿಗಿಂತಲೂ ಇದನ್ನು ನಾನು ಹೆಚ್ಚು ನಂಬುತ್ತೇನೆ.

ಈಗ ಆಯ್ಕೆಗೆ ಬರೋಣ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಮೊದಲು ಪಿಎಚ್‌ಪಿಬಿಬಿ 3.3ಕ್ಕೆ ಏರಿಸಿ. ಅದು ಬಂದದ್ದು 2020ರ ಜನವರಿಯಲ್ಲಿ. 3.0ರಿಂದ ಅಲ್ಲಿಗೆ ಹೋಗುವ ದಾರಿ ಇದೆ, ಸದಸ್ಯರ ಪಾಸ್‌ವರ್ಡ್ ಉಳಿಯುತ್ತದೆ, ಥ್ರೆಡ್‌ಗಳ ನಂಬರ್ ಉಳಿಯುತ್ತದೆ. ನೀವು ಸೇರಿಸಿಕೊಂಡಿದ್ದ 'ಮಾಡ್'ಗಳು (ಹೆಚ್ಚುವರಿ ಸೌಲಭ್ಯಗಳು) ಮತ್ತು ಹಳೇ ವಿನ್ಯಾಸ ಮಾತ್ರ ಬರುವುದಿಲ್ಲ, ಯಾಕೆಂದರೆ 3.1ರಿಂದ ಆ ವ್ಯವಸ್ಥೆಯೇ ಬೇರೆ ಆಯಿತು.

ಡಿಸ್ಕೋರ್ಸ್ ನನಗೆ ಇಷ್ಟ. 2013ರಲ್ಲಿ ಜೆಫ್ ಅಟ್‌ವುಡ್, ರಾಬಿನ್ ವಾರ್ಡ್, ಸ್ಯಾಮ್ ಸ್ಯಾಫ್ರನ್ ಅದನ್ನು ಹೊರತಂದರು. ಮೊಬೈಲ್‌ನಲ್ಲಿ ಓದಲು ಹಿತ, ಸ್ಪ್ಯಾಮ್ ತಡೆಯುವುದರಲ್ಲೂ ಚುರುಕು. ಆದರೆ ನೀವೇ ನಡೆಸುವುದಾದರೆ ಅದಕ್ಕೆ ಸ್ವಂತ ಸರ್ವರ್ ಬೇಕು, ಸಾಫ್ಟ್‌ವೇರನ್ನು ಕಂಟೇನರ್‌ನಲ್ಲಿ ಓಡಿಸುವ ಡಾಕರ್ ಗೊತ್ತಿರಬೇಕು, ಕನಿಷ್ಠ 1 ಜಿಬಿ ಮೆಮೊರಿ ಬೇಕು, ಇಮೇಲ್ ಸರಿಯಾಗಿ ಹೋಗದಿದ್ದರೆ ಹೊಸಬರು ಒಳಗೆ ಬರುವುದೇ ಕಷ್ಟ. ಪುಟ 14ರಲ್ಲಿ ಸರ್ಕ್ಯೂಟ್ ಇದೆ ಅಂತ ನೆನಪಿಟ್ಟುಕೊಂಡು ಹೋಗುವ ಹಿರಿಯ ಸದಸ್ಯರಿಗೆ ಅದರ ಕೊನೆಯಿಲ್ಲದ ಸ್ಕ್ರೋಲ್ ಸುಮ್ನೆ ಕಿರಿಕಿರಿ. ಝೆನ್‌ಫೋರೋ ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್. ವಿಬುಲೆಟಿನ್ ಅನ್ನುವ ಹಳೇ ಫೋರಂ ಸಾಫ್ಟ್‌ವೇರ್ ಕಟ್ಟಿದವರಲ್ಲೇ ಮುಖ್ಯರಾದ ಕೆಲವರು ಹೊರಬಂದು ಮಾಡಿದ್ದು, 1.0 ಬಂದದ್ದು 2011ರಲ್ಲಿ. ಅದಕ್ಕೂ ಮುಂಚೆ, 2007ರಲ್ಲಿ, ವಿಬುಲೆಟಿನ್ ಇಂಟರ್ನೆಟ್ ಬ್ರ್ಯಾಂಡ್ಸ್ ಕಂಪನಿಯ ಕೈಗೆ ಹೋಗಿತ್ತು. ಈ ಕಥೆ ಯಾಕೆ ಹೇಳಿದೆ ಅಂದರೆ, ಕಟ್ಟಿದವರು ಎದ್ದುಹೋದ ದಿನ ಮಾರುಕಟ್ಟೆ ಪಾಲಿನಲ್ಲಿ ಒಂದು ಚುಕ್ಕಿಯೂ ಅಲುಗುವುದಿಲ್ಲ. ಹಾಕಿದ ಫೋರಂಗಳು ಹಾಕಿದಲ್ಲೇ ಇರುತ್ತವೆ, ಪಾಲು ಇಳಿಯಲು ವರ್ಷಗಳು ಬೇಕು. ಅದಕ್ಕೇ ಪಾಲಿಗಿಂತ ಮೊದಲು ಬಿಡುಗಡೆಗಳ ಪಟ್ಟಿ ನೋಡಿ. ಕೊನೆಯ ಭದ್ರತಾ ಅಪ್‌ಡೇಟ್ ಯಾವಾಗ ಬಂತು, ಅದಕ್ಕೂ ಹಿಂದಿನದು ಯಾವಾಗ?

ಒಂದು ಮಾತು ಮರೆಯಬೇಡಿ. ಪಿಎಚ್‌ಪಿಬಿಬಿಯಲ್ಲಿ ಸದಸ್ಯರು ಅಪ್‌ಲೋಡ್ ಮಾಡಿದ ಚಿತ್ರಗಳು 'ಫೈಲ್ಸ್' ಫೋಲ್ಡರ್‌ನಲ್ಲಿ ಇರುತ್ತವೆ. ತೆರೆದು ನೋಡಿದರೆ ಉದ್ದುದ್ದ ಅಕ್ಷರ, ಅಂಕಿಗಳ ಹೆಸರು, ಜೆಪಿಜಿ ಅಂತಲೂ ಇರುವುದಿಲ್ಲ. ಯಾವ ಫೈಲ್ ಯಾರ ಸರ್ಕ್ಯೂಟ್ ಅನ್ನೋದು ಡೇಟಾಬೇಸ್‌ನ ಅಟ್ಯಾಚ್‌ಮೆಂಟ್ ಟೇಬಲ್‌ಗೆ ಮಾತ್ರ ಗೊತ್ತು. ಡೇಟಾಬೇಸ್ ಮಾತ್ರ ಬ್ಯಾಕಪ್ ತಗೊಂಡರೆ ಚಿತ್ರ ಹೋಯಿತು. ಫೋಲ್ಡರ್ ಮಾತ್ರ ತಗೊಂಡರೆ ಹೆಸರು ಹೋಯಿತು. ನಿಮ್ಮಂಥ ಫೋರಂನ ಆಸ್ತಿಯೇ ಆ ಚಿತ್ರಗಳು, ಅಲ್ವಾ? ಎರಡನ್ನೂ ಒಂದೇ ದಿನ, ಫೋರಂ ಮುಚ್ಚಿಟ್ಟುಕೊಂಡು ತಗೊಳ್ಳಿ.

ಪ್ರಶ್ನೆ: ನಾವು ಬಳಸುವ ಫೋರಂ ಸಾಫ್ಟ್‌ವೇರ್‌ನ ಪಾಲು ಒಂದೇ ತಿಂಗಳಲ್ಲಿ ಜೋರಾಗಿ ಕುಸಿದಿರುವ ಗ್ರಾಫ್ ನೋಡಿದೆ. ಗಾಬರಿ ಆಗಬೇಕಾ?

ಉತ್ತರ: ಬೇಡ. ಒಂದೇ ತಿಂಗಳಲ್ಲಿ ಅಷ್ಟು ಫೋರಂಗಳು ಸಾಫ್ಟ್‌ವೇರ್ ಬದಲಾಯಿಸುವುದಿಲ್ಲ. ಅದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಗ್ರಾಫ್ ಹಾಗೆ ಬಿದ್ದಿದೆ ಅಂದರೆ ಎಣಿಸುವವರ ಕಡೆ ಏನೋ ಬದಲಾಗಿದೆ ಅಂತ ಮೊದಲು ಅನುಮಾನಿಸಿ. ಸೈಟ್‌ಗಳ ಜನಪ್ರಿಯತೆಯ ಅಲೆಕ್ಸಾ ಪಟ್ಟಿ 2022ರ ಮೇ 1ರಂದು ಮುಚ್ಚಿತು. ಅದನ್ನು ನೆಚ್ಚಿಕೊಂಡಿದ್ದವರೆಲ್ಲ ಬೇರೆ ಪಟ್ಟಿ ಹಿಡಿಯಬೇಕಾಯಿತು. ಪಟ್ಟಿ ಬದಲಾದರೆ ಅಂಕಿ ಬದಲಾಗುತ್ತದೆ.

ಸರ್ವರ್ ಸಾಫ್ಟ್‌ವೇರ್ ಲೋಕದಲ್ಲಿ ಇದಕ್ಕೆ ಒಳ್ಳೇ ಉದಾಹರಣೆ ಇದೆ. 2006ರಲ್ಲಿ ಡೊಮೈನ್ ಹೆಸರು ಮಾರುವ ಗೋಡ್ಯಾಡಿ ತನ್ನಲ್ಲಿದ್ದ 35 ಲಕ್ಷಕ್ಕೂ ಹೆಚ್ಚು ಸೈಟ್ ಹೆಸರುಗಳನ್ನು ಅಪಾಚೆಯಿಂದ ಮೈಕ್ರೋಸಾಫ್ಟ್ ಸರ್ವರ್‌ಗೆ ಸಾಗಿಸಿತು. ಅವುಗಳಲ್ಲಿ ಬಹುಪಾಲು ಯಾರೂ ಬಳಸದೆ ಪಾರ್ಕ್ ಮಾಡಿಟ್ಟ ಡೊಮೈನ್‌ಗಳು. ಸರ್ವರ್‌ಗಳನ್ನು ತಿಂಗಳು ತಿಂಗಳು ಎಣಿಸುವ ನೆಟ್‌ಕ್ರಾಫ್ಟ್‌ನ ಆ ತಿಂಗಳ ಎಣಿಕೆಯಲ್ಲಿ ಅಪಾಚೆ ದಿಢೀರನೆ ಇಳಿಯಿತು, ಮೈಕ್ರೋಸಾಫ್ಟ್ ಏರಿತು. ನಿರ್ಧಾರ ತೆಗೆದುಕೊಂಡದ್ದು ಒಂದೇ ಕಂಪನಿ. ಇಂಥದ್ದಕ್ಕೇ ನೆಟ್‌ಕ್ರಾಫ್ಟ್ ಸಕ್ರಿಯ ಸೈಟ್‌ಗಳ ಲೆಕ್ಕವನ್ನು ಬೇರೆಯಾಗಿ ಕೊಡುತ್ತದೆ. ನಿಮ್ಮ ಗ್ರಾಫ್ ಕೊಟ್ಟವರೂ ಅಂಥ ಇನ್ನೊಂದು ಲೆಕ್ಕ ಕೊಟ್ಟಿದ್ದರೆ ಅದನ್ನು ನೋಡಿ. ಕೊಟ್ಟಿಲ್ಲದಿದ್ದರೆ ಮುಂದಿನ ಆರು ತಿಂಗಳ ಗೆರೆ ನೋಡಿ ಆಮೇಲೆ ಯೋಚಿಸಿ.

ಪ್ರಶ್ನೆ: ಹೊಸ ಸಾಫ್ಟ್‌ವೇರ್‌ಗೆ ಸಾಗಿಸಿದ ಮೇಲೆ ಹಳೇ ಕನ್ನಡ ಪೋಸ್ಟ್‌ಗಳೆಲ್ಲ ಬರೀ ಪ್ರಶ್ನೆ ಚಿಹ್ನೆ ಆಗಿವೆ. ಸರಿ ಮಾಡಬಹುದಾ?

ಉತ್ತರ: ಆ ಪ್ರತಿಯಿಂದ ಆಗುವುದಿಲ್ಲ. ಅಕ್ಷರಗಳನ್ನು ಕಂಪ್ಯೂಟರ್‌ನಲ್ಲಿ ಬೈಟ್‌ಗಳಾಗಿ ಬರೆದಿಡುವ ವಿಧಾನಕ್ಕೆ ಎನ್‌ಕೋಡಿಂಗ್ ಅನ್ನುತ್ತಾರೆ; ಯುಟಿಎಫ್-8 ಅಂಥದ್ದೊಂದು, ಕನ್ನಡದ ಪ್ರತಿ ಅಕ್ಷರ ಚಿಹ್ನೆಯೂ ಅದರಲ್ಲಿ ಮೂರು ಬೈಟ್. ಕನ್ನಡ ಹಿಡಿಯಲಾಗದ ಎನ್‌ಕೋಡಿಂಗ್‌ಗೆ ಪರಿವರ್ತಿಸಿದಾಗ ಡೇಟಾಬೇಸ್ ಅಕ್ಷರವನ್ನೇ ಕಿತ್ತು ಅಲ್ಲಿ ಪ್ರಶ್ನೆ ಚಿಹ್ನೆ ಕೂರಿಸುತ್ತದೆ. ಹಿಂದಿನದು ಅಲ್ಲಿ ಉಳಿದಿರುವುದಿಲ್ಲ. ಅರ್ಥವಿಲ್ಲದ ವಿಚಿತ್ರ ಲ್ಯಾಟಿನ್ ಅಕ್ಷರಗಳು ಕಂಡಿದ್ದರೆ ಸಾಮಾನ್ಯವಾಗಿ ಬೈಟ್‌ಗಳು ಹಾಗೇ ಇರುತ್ತವೆ, ಸರಿಯಾಗಿ ಓದಿಸಿದರೆ ಕನ್ನಡ ವಾಪಸ್ ಬರುತ್ತದೆ.

ಹಾಗಾಗಿ ಹಳೇ ಸರ್ವರ್‌ಗೆ ಹೋಗಿ. ಅಲ್ಲಿ ಕನ್ನಡ ಈಗಲೂ ಸರಿಯಾಗಿ ಕಾಣುತ್ತಿದ್ದರೆ ಮತ್ತೆ ಹೊಸದಾಗಿ ಡಂಪ್ (ಡೇಟಾಬೇಸ್‌ನ ಪೂರ್ಣ ಪ್ರತಿ) ತೆಗೆಯಿರಿ, ಎನ್‌ಕೋಡಿಂಗ್ ಯಾವುದು ಅಂತ ನೀವೇ ಸೂಚಿಸಿ. ಹೊಸ ಟೇಬಲ್‌ಗಳ ಎನ್‌ಕೋಡಿಂಗ್ ಯುಟಿಎಫ್8ಎಂಬಿ4 ಆಗಿರಲಿ, ಇಮೋಜಿಗೂ ಅದೇ ಬೇಕು. ಹತ್ತು ಹಳೇ ಪೋಸ್ಟ್ ತೆರೆದು ಒತ್ತಕ್ಷರ ಸಮೇತ ಓದಿ ನೋಡುವವರೆಗೆ ಹಳೇ ಹೋಸ್ಟಿಂಗ್ ರದ್ದು ಮಾಡಬೇಡಿ.